ಹಸೆ ಚಿತ್ತಾರ ಕಂಪ್ಯೂಟರಿನಲ್ಲಿ ಬರೆಯಬೇಕು, 5,000 ರೂಪಾಯಿಯ ಒಳಗೆ ಯಾವ ಪೆನ್ ಟ್ಯಾಬ್ಲೆಟ್ ತಗೊಳ್ಳಲಿ?

ಸಾಗರದವಳು

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು, ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ಅಜ್ಜಿ ಹಸೆ ಚಿತ್ತಾರ, ಅಂದರೆ ಮದುವೆ ಮನೆಯ ಗೋಡೆ ಮೇಲೆ ಎಳೆ ಎಳೆಯಾಗಿ ಬಿಡಿಸುವ ಚಿತ್ರ, ಬರೆಯುತ್ತಾರೆ. ಮೊದಲೆಲ್ಲ ಮದುವೆ ಬಂತೆಂದರೆ ಹಸೆ ಗೋಡೆ ಬರೆಯಲು ಕರೆಯುತ್ತಿದ್ದರು. ಈಗ ಮದುವೆ ಛತ್ರದಲ್ಲಿ ಆಗುತ್ತದೆ, ಗೋಡೆ ಎಲ್ಲಿಂದ ತರೋದು? ಆದರೆ ಲಗ್ನಪತ್ರಿಕೆ ಮೇಲೆ ಚಿತ್ತಾರ ಬೇಕು ಅನ್ನುವವರು ಜಾಸ್ತಿ ಆಗಿದ್ದಾರೆ. ನಮ್ಮ ಸಂಬಂಧಿಕರ ಮದುವೆಗೆ ಪ್ರೆಸ್ಸಿನವರು ಚಿತ್ತಾರ ಅಂತ ಹೇಳಿ ವಾರ್ಲಿ ಚಿತ್ರ ಹಾಕಿ ಕೊಟ್ಟರು. ವಾರ್ಲಿ ಮಹಾರಾಷ್ಟ್ರದ್ದು, ಅದೂ ಚಂದವೇ, ಆದರೆ ನಮ್ಮದಲ್ಲ. ಅಜ್ಜಿ ಪತ್ರಿಕೆ ನೋಡಿ ಪಕ್ಕಕ್ಕಿಟ್ಟರು, ಏನೂ ಹೇಳಲಿಲ್ಲ. ಅದಕ್ಕೇ ಅಜ್ಜಿಯ ಎಳೆಗಳನ್ನು ನಾನೇ ಕಂಪ್ಯೂಟರಿಗೆ ತರಬೇಕು ಅಂತ ಹೊರಟಿದ್ದೇನೆ.

ಕಾಗದದ ಮೇಲೆ ಅಜ್ಜಿ ಹತ್ತಿರ ಕಲಿಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಗೊತ್ತೇ ಇಲ್ಲ. ಮೌಸ್ ಹಿಡಿದು ಎಳೆದರೆ ಗೆರೆ ಎಲ್ಲೆಲ್ಲೋ ಹೋಗುತ್ತದೆ. ನನ್ನ ಹತ್ತಿರ ಇರುವುದು 15.6 ಇಂಚಿನ ಹಳೆಯ ಲ್ಯಾಪ್‌ಟಾಪ್, ವಿಂಡೋಸ್ 10, 4 ಜಿಬಿ ರ್‍ಯಾಮ್. ಫೋನ್ ಆಂಡ್ರಾಯ್ಡ್. ದುಡ್ಡು 5,000 ಮೇಲೆ ಹೋಗೋದು ಕಷ್ಟ.

ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ಡ್ರಾಯಿಂಗ್ ಟ್ಯಾಬ್ಲೆಟ್ ಇದೆಯಾ ಅಂತ ಕೇಳಿದೆ. ಕಪ್ಪು ಹಲಗೆಯಂಥದ್ದು ತೋರಿಸಿದರು, 400 ರೂಪಾಯಿ, ಜೊತೆಗೆ ಪ್ಲಾಸ್ಟಿಕ್ ಕಡ್ಡಿ. ಅಷ್ಟು ಕಡಿಮೆಗೆ ಬರುತ್ತದಾ ಅಂತ ಅನುಮಾನ ಬಂದು ವಾಪಸ್ ಬಂದೆ. ಇಂಟರ್ನೆಟ್ಟಿನಲ್ಲಿ ನೋಡಿದರೆ 2048, 4096, 8192 ಅಂತೆಲ್ಲ ಬರೆದಿದ್ದಾರೆ. ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಚಿಕ್ಕದು ಸಾಕಾ, ದೊಡ್ಡದೇ ಬೇಕಾ? ಪರದೆ ಇರುವುದನ್ನೇ ತಗೊಳ್ಳಬೇಕು ಅಂತ ಗೆಳತಿ ಹೇಳುತ್ತಾಳೆ, ಅದರ ಬೆಲೆ ನೋಡಿ ಸುಮ್ನಾದೆ. ಫೋನಿಗೂ ಸೇರಿದರೆ ಒಳ್ಳೆಯದಿತ್ತು. ಬಳಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪ್ರೆಸ್ ಕೆಲಸ, ಶಿವಮೊಗ್ಗ

ತಂಗಿ, ಮೊದಲು ಆ 400 ರೂಪಾಯಿಯದ್ದರ ವಿಷಯ ಮುಗಿಸುತ್ತೇನೆ. ಅದು ಎಲ್‌ಸಿಡಿ ರೈಟಿಂಗ್ ಪ್ಯಾಡ್. ಮಕ್ಕಳು ಗೀಚಿ ಬಟನ್ ಒತ್ತಿ ಅಳಿಸುವಂಥದ್ದು, ಕಂಪ್ಯೂಟರಿಗೆ ಸೇರುವುದೇ ಇಲ್ಲ. ಬಿಟ್ಟು ಬಂದದ್ದು ಒಳ್ಳೆಯದಾಯಿತು. ಅಂಗಡಿಯಲ್ಲಿ ಬರೀ ಟ್ಯಾಬ್ಲೆಟ್ ಅಂದರೆ ಒಂದೋ ಅದು ತೋರಿಸುತ್ತಾರೆ, ಇಲ್ಲಾ ಸಿಮ್ ಹಾಕುವ ಟ್ಯಾಬ್ ತೋರಿಸುತ್ತಾರೆ. ಯುಎಸ್‌ಬಿ ಪೆನ್ ಟ್ಯಾಬ್ಲೆಟ್, ವಾಕಾಮ್ ಕಂಪನಿ ಥರದ್ದು ಅಂತ ಕೇಳಿ, ಹಲಗೆ ಮೇಲೆ ಪೆನ್ ಓಡಿಸಿದರೆ ಗೆರೆ ಕಂಪ್ಯೂಟರ್ ಪರದೆಯಲ್ಲಿ ಮೂಡುವಂಥದ್ದು. ಶಿವಮೊಗ್ಗದಲ್ಲಿ ನೆಹರು ರಸ್ತೆ, ದುರ್ಗಿಗುಡಿ ಕಡೆ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಬಹುದು, ಆದರೆ ಇಟ್ಟುಕೊಂಡಿರುವವರು ಕಡಿಮೆ, ತರಿಸಿ ಕೊಡುತ್ತೇವೆ ಅನ್ನುತ್ತಾರೆ. ಅದಕ್ಕಿಂತ ಆನ್‌ಲೈನ್‌ನಲ್ಲಿ ನೀವೇ ತರಿಸುವುದು ಸಲೀಸು. ಜಿಎಸ್‌ಟಿ ಬಿಲ್ ಇರಲಿ, ವಾರಂಟಿಗೆ ಅದೇ ಆಧಾರ.

ನಿಮ್ಮ ಬಜೆಟ್ಟಿಗೆ ಬರುವುದು ಮೂರು. ವನ್ ಬೈ ವಾಕಾಮ್ ಸ್ಮಾಲ್, ಅದರ ಮಾದರಿ ಸಂಖ್ಯೆ ಸಿಟಿಎಲ್-472. ಹ್ಯೂಯಾನ್ ಎಚ್640ಪಿ. ಎಕ್ಸ್‌ಪಿ-ಪೆನ್ ಸ್ಟಾರ್ ಜಿ640. ಬೆಲೆ ಏರಿಳಿಯುತ್ತಾ ಇರುತ್ತದೆ, ಆದರೆ ಮೂರೂ ಸಾಮಾನ್ಯವಾಗಿ 5,000ದ ಒಳಗೆ ಬರುತ್ತವೆ. ಗಾತ್ರವೂ ಹೆಚ್ಚುಕಡಿಮೆ ಒಂದೇ. ವಾಕಾಮ್‌ನಲ್ಲಿ ಬರೆಯುವ ಜಾಗ 152 x 95 ಮಿ.ಮೀ., ಹ್ಯೂಯಾನ್‌ನಲ್ಲಿ 160 x 100, ಎಕ್ಸ್‌ಪಿ-ಪೆನ್‌ನಲ್ಲಿ 6 x 4 ಇಂಚು. ಮೂರಕ್ಕೂ ಪೆನ್ನಿನಲ್ಲಿ ಬ್ಯಾಟರಿ ಬೇಡ. ಟ್ಯಾಬ್ಲೆಟ್ಟಿನ ಹಲಗೆಯೇ ವಿದ್ಯುತ್ಕಾಂತ ಕ್ಷೇತ್ರ ಹೊರಡಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನೆಲ್ಲಿದ್ದೇನೆ, ಎಷ್ಟು ಒತ್ತಿದ್ದಾರೆ ಅಂತ ತಿಳಿಸುತ್ತದೆ. ಹಳೇ ಮಾದರಿಗಳಲ್ಲಿ, ಉದಾಹರಣೆಗೆ ಹ್ಯೂಯಾನ್ ಎಚ್420ಯಲ್ಲಿ, ಪೆನ್ನಿಗೆ ಸೆಲ್ ಹಾಕಬೇಕು. ಕಡಿಮೆಗೆ ಸಿಕ್ಕಿತು ಅಂತ ಅಂಥದ್ದು ತಗೊಳ್ಳಬೇಡಿ.

ಇನ್ನು 2048, 8192 ವಿಷಯ. ಪೆನ್ ಒತ್ತುವುದನ್ನು ಎಷ್ಟು ಹಂತವಾಗಿ ಗುರುತಿಸುತ್ತದೆ ಅನ್ನುವ ಲೆಕ್ಕ ಅದು. ವಾಕಾಮ್‌ನ ಈ ಮಾದರಿಯಲ್ಲಿ 2048, ಉಳಿದೆರಡರಲ್ಲಿ 8192. ಡಬ್ಬಿ ಮೇಲೆ ದೊಡ್ಡದಾಗಿ ಅಚ್ಚು ಹಾಕುತ್ತಾರೆ, ನೋಡಿದವರಿಗೆ ನಾಲ್ಕು ಪಟ್ಟು ಒಳ್ಳೆಯದು ಅನ್ನಿಸುತ್ತದೆ. ಆದರೆ ಯೋಚನೆ ಮಾಡಿ. ನಾವು ಸಾಮಾನ್ಯವಾಗಿ ಕೆಲಸ ಮಾಡುವ 8 ಬಿಟ್ ಚಿತ್ರದಲ್ಲಿ ಒಂದು ಬಣ್ಣದ ಚಾನೆಲ್ಲಿಗೆ ಇರುವುದೇ 256 ಹಂತ. 2048 ಕೂಡ ಧಾರಾಳ ಆಯಿತು. ಅದಕ್ಕಿಂತ ಮುಖ್ಯವಾದದ್ದು ಪೆನ್ ಎಷ್ಟು ಹಗುರಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ, ನಿಧಾನಕ್ಕೆ ಓರೆ ಗೆರೆ ಎಳೆದರೆ ನಡುಗುತ್ತದಾ ಅನ್ನುವುದು. ಅದು ಡಬ್ಬಿ ಮೇಲೆ ಇರುವುದಿಲ್ಲ. ಬಂದ ದಿನವೇ ಒಂದು ಸ್ಕೇಲ್ ಇಟ್ಟು ಓರೆಯಾಗಿ ನಿಧಾನಕ್ಕೆ ಗೆರೆ ಎಳೆದು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಬಂದರೆ ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಕಳಿಸಿಬಿಡಿ.

ಅದೂ ಅಲ್ಲದೆ ಚಿತ್ತಾರದ ಎಳೆ ದಪ್ಪ ಸಣ್ಣ ಆಗುವಂಥದ್ದಲ್ಲ, ಉದ್ದಕ್ಕೂ ಒಂದೇ ಸಮ. ಅಂದರೆ ನಿಮ್ಮ ಕೆಲಸಕ್ಕೆ ಪ್ರೆಷರ್, ಒತ್ತಿದಂತೆ ಗೆರೆ ದಪ್ಪ ಆಗುವುದು, ಬೇಕಾಗುವುದೇ ಕಡಿಮೆ. ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪೂರ್ತಿ ಉಚಿತ. ಎಫ್5 ಒತ್ತಿದರೆ ಬ್ರಷ್ ಎಡಿಟರ್ ತೆರೆಯುತ್ತದೆ, ಅಲ್ಲಿ ಸೈಜ್‌ಗೆ ಇರುವ ಪ್ರೆಷರ್ ತೆಗೆದುಬಿಟ್ಟರೆ ಒಂದೇ ದಪ್ಪದ ಗೆರೆ ಬರುತ್ತದೆ. ವಿ ಒತ್ತಿ ಹಿಡಿದು ಎಳೆದರೆ ನೇರ ಗೆರೆ. ಮಲ್ಟಿಬ್ರಷ್ ಅಂತ ಒಂದಿದೆ, ಒಂದು ಕಡೆ ಬರೆದರೆ ಎದುರಿನ ಕಡೆ, ಬೇಕಾದರೆ ನಾಲ್ಕು ದಿಕ್ಕಿನಲ್ಲೂ ತಾನೇ ಬರೆದುಕೊಳ್ಳುತ್ತದೆ. ಚಿತ್ತಾರಕ್ಕೆ ಹೇಳಿ ಮಾಡಿಸಿದಂತಿದೆ. ನಾಲ್ಕು ಜಿಬಿ ರ್‍ಯಾಮ್‌ನಲ್ಲಿ ಓಡುತ್ತದೆ, ಲೇಯರ್ (ಚಿತ್ರದ ಒಂದರ ಮೇಲೊಂದು ಪದರ) ರಾಶಿ ಹಾಕಬೇಡಿ, ಬ್ರೌಸರ್ ಮುಚ್ಚಿಡಿ, ಅಷ್ಟೇ. 5 x 7 ಇಂಚಿನ ಪತ್ರಿಕೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 1500 x 2100 ಪಿಕ್ಸೆಲ್ ಸಾಕು, ಅಂಚಿನಲ್ಲಿ ಕತ್ತರಿಸಲು ಬಿಡುವ ಜಾಗ ಬೇರೆ.

ನನ್ನ ಓಟು ಎಚ್640ಪಿಗೆ. ಪಕ್ಕದಲ್ಲಿ ಆರು ಬಟನ್ ಇವೆ, ಒಂದಕ್ಕೆ ಅನ್‌ಡೂ, ಒಂದಕ್ಕೆ ಝೂಮ್ ಇಟ್ಟುಕೊಂಡರೆ ಕೆಲಸ ಬೇಗ ಸಾಗುತ್ತದೆ. ವನ್ ಬೈ ವಾಕಾಮ್‌ನಲ್ಲಿ ಬಟನ್ ಇಲ್ಲ, ಆದರೆ ಅದರ ಡ್ರೈವರ್ (ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್) ತಲೆನೋವು ಕೊಡುವುದು ಕಡಿಮೆ. ಕಂಪ್ಯೂಟರ್ ಸೆಟ್ಟಿಂಗ್ ಅಂದರೆ ಭಯ ಇರುವವರಿಗೆ ಅದನ್ನೇ ಹೇಳುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು

ನಾನು ಚಿತ್ರ ಬರೆಯುವವನಲ್ಲ, ಹೈಸ್ಕೂಲಿಗೆ ಗಣಿತ ಹೇಳುತ್ತೇನೆ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಅಂತ ಚಿಕ್ಕ ಟ್ಯಾಬ್ಲೆಟ್ ತಗೊಂಡೆ, ಈಗಲೂ ರೇಖಾಗಣಿತದ ವಿಡಿಯೊ ಮಾಡಲು ಅದೇ ಬಳಸುತ್ತೇನೆ. ಮೇಲಿನವರು ಹೇಳಿದ್ದೆಲ್ಲ ಸರಿ, ನಮ್ಮ ಕಡೆಗೆ ಬೇಕಾದ ಒಂದೆರಡು ವಿಷಯ ಸೇರಿಸುತ್ತೇನೆ.

ಪರದೆ ಇರುವ ಟ್ಯಾಬ್ಲೆಟ್ ಸದ್ಯಕ್ಕೆ ಬೇಡ. ದುಡ್ಡು ಒಂದು ಕಡೆ ಇರಲಿ, ಅದರಲ್ಲಿ ಹೆಚ್ಚಿನವಕ್ಕೆ ವಿದ್ಯುತ್ತು ಬೇರೆಯಾಗಿ ಕೊಡಬೇಕು. ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಪರದೆ ಇಲ್ಲದ್ದು ಯುಎಸ್‌ಬಿಯಿಂದಲೇ ಶಕ್ತಿ ತಗೊಳ್ಳುತ್ತದೆ, ಅದೂ ಬಹಳ ಕಡಿಮೆ. ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ. ಗುಡುಗು ಶುರುವಾದರೆ ಮಾತ್ರ ಚಾರ್ಜರ್ ಪ್ಲಗ್ ಕಿತ್ತಿಡಿ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿಕೊಂಡೇ ಬರೆಯುತ್ತಿದ್ದರೆ ಸಿಡಿಲಿಗೆ ಎರಡೂ ಹೋಗುವ ಭಯ ಇದೆ.

ಎರಡನೆಯದು ಥಂಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ನಿಮ್ಮಲ್ಲೂ ಅಷ್ಟೇ ಅಲ್ವಾ. ಟ್ಯಾಬ್ಲೆಟ್ಟಿನ ಮೇಲ್ಮೈಗೆ ಏನೂ ಆಗುವುದಿಲ್ಲ, ಆದರೆ ಕೇಬಲ್ ಸಿಕ್ಕಿಸುವ ಜಾಗದಲ್ಲಿ ತೇವ ಕೂತರೆ ಸಂಪರ್ಕ ಬಿಟ್ಟು ಬಿಟ್ಟು ಹಿಡಿಯುತ್ತದೆ. ಕೆಲಸ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಇರುವ ಡಬ್ಬದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಪೆನ್ ನೆಲಕ್ಕೆ ಬೀಳದಂತೆ ನೋಡಿಕೊಳ್ಳಿ. ತುದಿ ನೆಲಕ್ಕೆ ಕುಟ್ಟಿದರೆ ಒಳಗಿನ ಒತ್ತಡದ ಸೆನ್ಸರ್ ಕೆಡುತ್ತದೆ, ಆಮೇಲೆ ಮುಟ್ಟದಿದ್ದರೂ ಗೆರೆ ಬರುತ್ತದೆ. ಬೇರೆ ಕಂಪನಿಯ ಪೆನ್ ಇದಕ್ಕೆ ಕೆಲಸ ಮಾಡುವುದಿಲ್ಲ, ಅದೇ ಕಂಪನಿಯದ್ದಾದರೂ ಮಾದರಿ ಹೊಂದಬೇಕು.

ಫೋನಿನ ಬಗ್ಗೆ ಕೇಳಿದ್ದೀರಿ. ಎಚ್640ಪಿ ಆಂಡ್ರಾಯ್ಡ್ ಫೋನಿಗೆ ಓಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸುವ ಕೊಂಡಿ) ಮೂಲಕ ಸೇರುತ್ತದೆ. ವನ್ ಬೈ ವಾಕಾಮ್ ವಿಂಡೋಸ್, ಮ್ಯಾಕ್, ಕ್ರೋಮ್‌ಬುಕ್‌ಗೆ ಮಾಡಿದ್ದು, ಫೋನಿಗೆ ಅಂತ ಅದನ್ನು ತಗೊಳ್ಳಬೇಡಿ. ಸೇರಿದ ಮೇಲೂ ಒಂದು ತೊಂದರೆ ಇದೆ. ಫೋನ್ ಉದ್ದಕ್ಕೆ ಹಿಡಿದಾಗ ಟ್ಯಾಬ್ಲೆಟ್ಟಿನ ಒಂದು ಕಿರಿದಾದ ಪಟ್ಟಿ ಮಾತ್ರ ಕೆಲಸ ಮಾಡುತ್ತದೆ, ಉಳಿದ ಜಾಗ ಸುಮ್ನೆ. ಐಬಿಸ್ ಪೇಂಟ್‌ನಂಥ ಆ್ಯಪ್‌ನಲ್ಲಿ ಅಭ್ಯಾಸ ಮಾಡಬಹುದು, ಪತ್ರಿಕೆಯ ಕೆಲಸ ಲ್ಯಾಪ್‌ಟಾಪಿನಲ್ಲೇ ಮಾಡಿ.

ಆಮೇಲೆ, ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಅಂತ ಮೊದಲು ಗಾಬರಿ ಆಗುತ್ತದೆ. ಎಲ್ಲರಿಗೂ ಆಗುತ್ತದೆ. ಟ್ಯಾಬ್ಲೆಟ್ಟನ್ನು ಪರದೆಯ ನೇರಕ್ಕೆ ಇಡಿ, ಓರೆ ಇಟ್ಟರೆ ಗೆರೆಯೂ ಓರೆ ಹೋಗುತ್ತದೆ. ದಿನಾ ಸ್ವಲ್ಪ ಹೊತ್ತು, ಚುಕ್ಕಿ ಇಟ್ಟು ಚುಕ್ಕಿಗೆ ಗೆರೆ ಸೇರಿಸುತ್ತಾ ಹೋಗಿ. ರಂಗೋಲಿ ಹಾಕುವ ಕೈಗೆ ಇದು ಬೇಗ ಒಗ್ಗುತ್ತದೆ.

ಹೊಸನಗರದವ, ಸದ್ಯ ಬೆಂಗಳೂರು

ಪ್ರೆಸ್ ಅಣ್ಣನ ಮಾತಿಗೆ ಒಂದು ತಕರಾರು. ಗೇಮ್ ಕಂಪನಿಯಲ್ಲಿ ಚಿತ್ರದ ಕೆಲಸ ಮಾಡುತ್ತೇನೆ, ಅದರ ಮೇಲೆ ಹೇಳುತ್ತಿದ್ದೇನೆ. ಚಿತ್ತಾರಕ್ಕೆ ಚಿಕ್ಕ ಟ್ಯಾಬ್ಲೆಟ್ ಸಾಲದು ಅಂತ ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ. 15.6 ಇಂಚಿನ ಪರದೆಯ ಅಗಲ ಸುಮಾರು 34.5 ಸೆಂ.ಮೀ. ಎಚ್640ಪಿಯ ಅಗಲ 16 ಸೆಂ.ಮೀ. ಅಂದರೆ ನಿಮ್ಮ ಕೈ 1 ಸೆಂ.ಮೀ. ಸರಿದರೆ ಪರದೆಯ ಮೇಲೆ ಗೆರೆ 2 ಸೆಂ.ಮೀ.ಗಿಂತ ಜಾಸ್ತಿ ಓಡುತ್ತದೆ. ಕೈ ಕೂದಲೆಳೆಯಷ್ಟು ನಡುಗಿದರೂ ಅದು ಎರಡರಷ್ಟಾಗಿ ಕಾಣುತ್ತದೆ. ಎಕ್ಸ್‌ಪಿ-ಪೆನ್ ಡೆಕೊ 01 ವಿ2, ಹ್ಯೂಯಾನ್ ಎಚ್610 ಪ್ರೊ ವಿ2, ಇವು 10 x 6.25 ಇಂಚು. ಅದರಲ್ಲಿ ಅದೇ 1 ಸೆಂ.ಮೀ. ಪರದೆಯಲ್ಲಿ 1.4 ಸೆಂ.ಮೀ. ಹತ್ತಿರ. ಚಿಕ್ಕದರಲ್ಲಿ ಮಣಿಕಟ್ಟಿನಿಂದ ಎಳೆಯುತ್ತೀರಿ, ದೊಡ್ಡದರಲ್ಲಿ ಮೊಣಕೈಯಿಂದ. ಉದ್ದ ನೇರ ಗೆರೆಗೆ ಮೊಣಕೈಯೇ ಬೇಕು, ಅಜ್ಜಿ ಗೋಡೆ ಮೇಲೆ ಬರೆಯುವಾಗ ಕೈ ಎಲ್ಲಿಂದ ಚಲಿಸುತ್ತದೆ ಗಮನಿಸಿ. ಇವುಗಳ ಬೆಲೆ 5,000 ಸ್ವಲ್ಪ ದಾಟುತ್ತದೆ, ಹಬ್ಬದ ಸೇಲ್‌ನಲ್ಲಿ ಹತ್ತಿರ ಬರುತ್ತದೆ. ಅವಸರ ಇಲ್ಲದಿದ್ದರೆ ದಸರಾ ತನಕ ಕಾಯಬಹುದು.

ಸೆಕೆಂಡ್ ಹ್ಯಾಂಡ್ ಕೂಡ ನೋಡಿ. ಬೆಂಗಳೂರಿನಲ್ಲಿ ಕೋರ್ಸ್ ಸೇರಿ ಬಿಟ್ಟವರು, ದೊಡ್ಡದಕ್ಕೆ ಹೋದವರು ಮಾರುತ್ತಾ ಇರುತ್ತಾರೆ. ಊರಿಗೆ ಬರುವವರ ಕೈಲಿ ತರಿಸಿಕೊಳ್ಳಬಹುದು. ಆದರೆ ನೋಡದೆ ದುಡ್ಡು ಹಾಕಬೇಡಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನಾಲ್ಕು ಮೂಲೆಯಲ್ಲೂ ಗೆರೆ ಎಳೆದು ತೋರಿಸಿ ಅಂತ ವಿಡಿಯೊ ಕೇಳಿ, ಕೇಬಲ್ ಅಲ್ಲಾಡಿಸಿದರೆ ಸಂಪರ್ಕ ತಪ್ಪುತ್ತದಾ ನೋಡಿ. ಮೇಲ್ಮೈ ಸವೆದಿದ್ದರೆ ಪರವಾಗಿಲ್ಲ, ಪೆನ್ ಕಳೆದಿದ್ದರೆ ಬೇಡವೇ ಬೇಡ.

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಟ್ಯಾಬ್ಲೆಟ್ 160 x 100, ಅಂದರೆ 16:10 ಅನುಪಾತ. ನಿಮ್ಮ ಪರದೆ ಬಹುಶಃ 16:9. ಡ್ರೈವರ್ ಹಾಕಿ ಹಾಗೇ ಬಿಟ್ಟರೆ ಟ್ಯಾಬ್ಲೆಟ್ ಪೂರ್ತಿ ಪರದೆಗೆ ಎಳೆದು ಹೊಂದಿಕೊಳ್ಳುತ್ತದೆ, ಆಗ ನೀವು ಬರೆದ ಚೌಕ ಅಡ್ಡಕ್ಕೆ ಶೇ. 11ರಷ್ಟು ಅಗಲ ಆಗುತ್ತದೆ. ಮುಖ ಬರೆಯುವವರಿಗೆ ಅದು ಗೊತ್ತಾಗದೇ ಹೋಗಬಹುದು. ಚಿತ್ತಾರದಲ್ಲಿ ಚೌಕ ಚೌಕವಾಗಿಲ್ಲದಿದ್ದರೆ ಮುಗಿಯಿತು. ಡ್ರೈವರಿನಲ್ಲಿ ಕೆಲಸದ ಜಾಗವನ್ನು 160 x 90ಕ್ಕೆ ಇಳಿಸಿ, ಸರಿ ಹೋಗುತ್ತದೆ.

ಡ್ರೈವರನ್ನು ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಹಿಂದೆ ಬೇರೆ ಟ್ಯಾಬ್ಲೆಟ್ ಹಾಕಿದ್ದರೆ ಅದರ ಡ್ರೈವರ್ ತೆಗೆದು, ಒಮ್ಮೆ ರೀಸ್ಟಾರ್ಟ್ ಮಾಡಿ ಹೊಸದು ಹಾಕಿ. ಗೆರೆ ಬರುತ್ತದೆ ಆದರೆ ಪ್ರೆಷರ್ ಬರುವುದಿಲ್ಲ ಅಂತಾದರೆ ಕ್ರಿಟಾದಲ್ಲಿ ಕಾನ್ಫಿಗರ್ ಕ್ರಿಟಾ ತೆರೆದು ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅಂತ ಎರಡಿವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಕ್ರಿಟಾ ಮುಚ್ಚಿ ತೆರೆಯಿರಿ. ಟ್ಯಾಬ್ಲೆಟ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಎಷ್ಟೋ ಜನರ ತೊಂದರೆ ಇಷ್ಟೇ ಇರುತ್ತದೆ.

ಪ್ರೆಸ್ ಕೆಲಸ, ಶಿವಮೊಗ್ಗ

ಹೊಸನಗರದವರೇ, ಲೆಕ್ಕ ಒಪ್ಪಿದೆ. ಆದರೆ ಝೂಮ್ ಮಾಡಿ ಬರೆದರೆ ಆ ನಡುಕ ಚಿತ್ರದಲ್ಲಿ ಅಷ್ಟೇ ಚಿಕ್ಕದಾಗುತ್ತದೆ ಅಲ್ವಾ? ನಾನು ಚಿಕ್ಕದರಲ್ಲೇ ಪತ್ರಿಕೆ ಮಾಡುತ್ತಿದ್ದೇನೆ. ಉದ್ದ ಗೆರೆಗೆ ವಿ ಒತ್ತಿದರೆ ಆಯಿತು. ಕ್ರಿಟಾದಲ್ಲಿ ಸ್ಟೆಬಿಲೈಸರ್ ಇದೆ, ಅದನ್ನು ಹಾಕಿಕೊಂಡರೆ ಕೈ ನಡುಗಿದರೂ ಗೆರೆ ನಯವಾಗಿ ಬರುತ್ತದೆ. ಓದುವ ಹುಡುಗಿಗೆ ಒಂದೆರಡು ಸಾವಿರ ದೊಡ್ಡದೇ. ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರ್ ಕಲಿತರಂತೂ ಇನ್ನೂ ಸುಲಭ, ಅದೂ ಉಚಿತ. ಗ್ರಿಡ್ ಹಾಕಿಕೊಂಡು ಜೋಗಿ ಜಡೆ ಅನ್ನುವ ಚಿತ್ತಾರದ ವಿನ್ಯಾಸ ಒಂದನ್ನು ಸರಿಯಾಗಿ ಮಾಡಿದರೆ ನಕಲು ಮಾಡಿ ಮಾಡಿ ಅಂಚು ಪೂರ್ತಿ ಹಾಕಬಹುದು, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ.

ಸೊರಬದ ಅಕ್ಕ

ಎಲ್ಲರೂ ಓದಿದೆ. ನಮ್ಮ ಮನೆಯಲ್ಲೂ ಚಿತ್ತಾರ ಇದೆ, ಚಿತ್ತಾರ ಬರೆಯುವ ದೀವರ ಸಮುದಾಯದ ಮನೆಯವಳೇ ನಾನು. ಅಣ್ಣಂದಿರು ಬೇಸರ ಮಾಡಬೇಡಿ, ಆದರೆ ನೇರ ಗೆರೆ, ನಕಲು, ಸ್ಟೆಬಿಲೈಸರ್ ಅಂತ ಹೇಳುತ್ತಾ ಹೋದರೆ ಕೊನೆಗೆ ಉಳಿಯುವುದು ಟೈಲ್ಸ್ ಡಿಸೈನ್. ಚಿತ್ತಾರದ ಎಳೆ ನೇರ ಹೌದು, ಸ್ಕೇಲ್ ಇಟ್ಟ ನೇರ ಅಲ್ಲ. ಪುಂಡಿ ನಾರಿನ ಬ್ರಷ್ ಅಕ್ಕಿ ಹಿಟ್ಟಿನ ಬಿಳಿ ಹೀರಿಕೊಂಡು, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಹೋಗುವಾಗ ಶುರುವಿನಲ್ಲಿ ತುಂಬಿಕೊಂಡಿರುತ್ತದೆ, ಕೊನೆಗೆ ತೆಳುವಾಗುತ್ತದೆ. ಒಂದು ಎಳೆ ಇನ್ನೊಂದನ್ನು ದಾಟುವಲ್ಲಿ ಸ್ವಲ್ಪ ಉಬ್ಬು ಬರುತ್ತದೆ. ಅದನ್ನೆಲ್ಲ ಅಳಿಸಿದರೆ ಅಜ್ಜಿಯ ಕೈ ಎಲ್ಲಿ ಉಳಿಯಿತು? ವಾರ್ಲಿ ಹಾಕಿದ್ದಕ್ಕೆ ಬೇಸರ ಪಟ್ಟ ಹುಡುಗಿ ಇವಳು, ಯಂತ್ರ ಬರೆದಂತಿರುವುದನ್ನು ತೋರಿಸಿದರೆ ಅಜ್ಜಿ ಅದನ್ನೂ ಪಕ್ಕಕ್ಕಿಡುತ್ತಾರೆ.

ತಂಗಿ, ಒಂದು ದಾರಿ ಇದೆ, ನಾನು ಮಾಡುವುದೇ ಹೀಗೆ. ಅಜ್ಜಿ ಕಾಗದದ ಮೇಲೆ ಬರೆದದ್ದನ್ನು ಟ್ಯಾಬ್ಲೆಟ್ ಮೇಲೆ ಇಟ್ಟು ಅಂಟು ಪಟ್ಟಿ ಹಾಕಿ. ಅದರ ಮೇಲೇ ಪೆನ್ ಓಡಿಸಿ. ಪೆನ್ ಮೇಲ್ಮೈಯಿಂದ 7ರಿಂದ 10 ಮಿ.ಮೀ. ಎತ್ತರದಲ್ಲಿದ್ದರೂ ಈ ಟ್ಯಾಬ್ಲೆಟ್‌ಗಳು ಗುರುತಿಸುತ್ತವೆ, ನಡುವೆ ಒಂದು ಕಾಗದ ಇದ್ದರೆ ಏನೂ ತೊಂದರೆ ಇಲ್ಲ. ಕಣ್ಣು ಕಾಗದದ ಮೇಲೇ ಇರುತ್ತದೆ, ಮೇಷ್ಟ್ರು ಹೇಳಿದ ಕೈ ಕಣ್ಣಿನ ಗಾಬರಿಯೂ ಇಲ್ಲ. ಅಜ್ಜಿ ಒತ್ತಿದಲ್ಲಿ ಒತ್ತಿ, ಹಗುರ ಮಾಡಿದಲ್ಲಿ ಹಗುರ ಮಾಡಿ. ಇದಕ್ಕೆ ಪ್ರೆಷರ್ ಬೇಕೇ ಬೇಕು, ದಯವಿಟ್ಟು ಅದನ್ನು ತೆಗೆದುಹಾಕಬೇಡಿ. ಸೈಜ್ ಸ್ವಲ್ಪವೇ ಬದಲಾಗುವಂತೆ ಇಟ್ಟುಕೊಂಡರೆ ನಾರಿನ ಬ್ರಷ್ಷಿಗೆ ಹತ್ತಿರ ಬರುತ್ತದೆ. ಕಾಗದ ಒರಟಾದ್ದರಿಂದ ಪೆನ್ನಿನ ತುದಿ ಬೇಗ ಸವೆಯುತ್ತದೆ, ಆದರೆ ಬದಲಿ ತುದಿಗಳನ್ನು ಡಬ್ಬಿಯಲ್ಲೇ ಕೊಟ್ಟಿರುತ್ತಾರೆ.

ಹೀಗೆ ಮಾಡುವುದಾದರೆ ಗಾತ್ರದ ಪ್ರಶ್ನೆ ತಾನೇ ತೀರುತ್ತದೆ. ಅಜ್ಜಿ ಅಂಗೈ ಅಗಲದ ಕಾಗದದಲ್ಲಿ ಬರೆಯುತ್ತಾರಾ? ಚಿಕ್ಕದು ತಗೊಳ್ಳಿ. ಎ4 ಹಾಳೆ ಬೇಕು ಅಂದರೆ 10 ಇಂಚಿನದ್ದು. ಗೋಡೆಗೆ ಬರೆದು ಅಭ್ಯಾಸ ಇರುವವರಿಗೆ ಚಿಕ್ಕ ಕಾಗದದಲ್ಲಿ ಕೈ ಆಡುವುದಿಲ್ಲ, ನಮ್ಮ ಅಮ್ಮನಿಗೂ ಹಾಗೇ. ಅಜ್ಜಿ ಕೈಗೆ ಒಂದು ಹಾಳೆ ಕೊಟ್ಟು ನೋಡಿ, ಆಮೇಲೆ ಆರ್ಡರ್ ಹಾಕಿ.

ಬಣ್ಣ ಕೂಡ ಹಾಗೇ. ಕೆಂಪು ಕೆಮ್ಮಣ್ಣಿನದ್ದು, ಬಿಳಿ ಅಕ್ಕಿಯದ್ದು, ಕಪ್ಪು ಹುರಿದ ಅಕ್ಕಿಯದ್ದು, ಹಳದಿ ಗುರಿಗೆ ಕಾಯಿಯದ್ದು. ನಾಲ್ಕೇ. ಕಂಪ್ಯೂಟರಿನಲ್ಲಿ ಲಕ್ಷ ಬಣ್ಣ ಇವೆ ಅಂತ ನೀಲಿ ಗುಲಾಬಿ ತುಂಬಿದ್ದನ್ನು ನೋಡಿದ್ದೇನೆ, ಬೇಡ. ಮತ್ತೆ ಪತ್ರಿಕೆಯ ಹಿಂದುಗಡೆ ಸಣ್ಣ ಅಕ್ಷರದಲ್ಲಾದರೂ ಅಜ್ಜಿಯ ಹೆಸರು ಹಾಕಿಸಿ. ಇಷ್ಟು ವರ್ಷ ಗೋಡೆ ಬರೆದ ಹೆಂಗಸರ ಹೆಸರು ಯಾವ ಗೋಡೆ ಮೇಲೂ ಇಲ್ಲ.

ಹೊಸನಗರದವ, ಸದ್ಯ ಬೆಂಗಳೂರು

ಅಕ್ಕ ಹೇಳಿದ್ದು ನಾನು ಯೋಚಿಸಿಯೇ ಇರಲಿಲ್ಲ. ಕಾಗದ ಇಟ್ಟು ಬರೆಯುವಾಗಲೂ ಆ 160 x 90 ಲೆಕ್ಕ ಮರೆಯಬೇಡಿ, ಇಲ್ಲದಿದ್ದರೆ ಅಜ್ಜಿಯ ಚೌಕ ಅಡ್ಡಕ್ಕೆ ಹಿಗ್ಗುತ್ತದೆ. 10 x 6.25 ಇಂಚಿನದ್ದಕ್ಕೂ ಅನುಪಾತ ಅದೇ 16:10, ಅದನ್ನು 254 x 143 ಮಿ.ಮೀ. ಹತ್ತಿರಕ್ಕೆ ಇಳಿಸಬೇಕು. ಎ4 ಅಡ್ಡಲಾಗಿ 297 x 210, ಪೂರ್ತಿ ಹಿಡಿಸುವುದಿಲ್ಲ. ಅಜ್ಜಿಗೆ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಚೌಕಟ್ಟು ಹಾಕಿ ಕೊಡಿ, ಅದರೊಳಗೆ ಬರೆಯಲಿ. ದೊಡ್ಡ ಚಿತ್ತಾರ ಆದರೆ ಫೋನಿನಲ್ಲಿ ನೇರವಾಗಿ ಮೇಲಿನಿಂದ ಫೋಟೊ ತೆಗೆದು, ಕ್ರಿಟಾದಲ್ಲಿ ಕೆಳಗಿನ ಲೇಯರ್ ಮಾಡಿ, ಮಸುಕು ಮಾಡಿಕೊಂಡು ಅದರ ಮೇಲೆ ಬರೆಯಬಹುದು.

ಸಾಗರದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ಬರೆದು ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಅಕ್ಕ ಹೇಳಿದಂತೆ ಅಜ್ಜಿಗೆ ಎರಡು ಥರದ ಕಾಗದ ಕೊಟ್ಟೆ. ಚಿಕ್ಕದರಲ್ಲಿ ಎರಡು ಎಳೆ ಹಾಕಿ, ಇದರಲ್ಲಿ ಕೈ ಎಲ್ಲಿ ಇಡಲಿ ಅಂದರು. ದೊಡ್ಡದರಲ್ಲಿ ಕೂತು ಪೂರ್ತಿ ಬರೆದರು. ಹಾಗಾಗಿ ಡೆಕೊ 01 ವಿ2 ಅಂತ ನಿರ್ಧಾರ ಮಾಡಿದ್ದೇನೆ, ದಸರಾ ಸೇಲ್ ತನಕ ಕಾಯುತ್ತೇನೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಚಿಕ್ಕಪ್ಪನ ಕೈಲಿ ತರಿಸುತ್ತೇನೆ. ನಮ್ಮ ಹಳ್ಳಿಯ ಪಿನ್‌ಕೋಡಿಗೆ ಕೆಲವು ಕೊರಿಯರ್ ಬರುವುದಿಲ್ಲ, ಸಾಗರದಲ್ಲಿ ಅತ್ತೆ ಮನೆ ವಿಳಾಸ ಕೊಟ್ಟರೆ ಆಗುತ್ತದೆ.

ಇನ್ನೆರಡು ಪ್ರಶ್ನೆ. ಅಜ್ಜಿ ಎಡಗೈಯಲ್ಲಿ ಬರೆಯುತ್ತಾರೆ, ಅವರೇ ಒಮ್ಮೆ ಪೆನ್ ಹಿಡಿದು ಬರೆಯಲಿ ಅಂತ ನನಗೆ ಆಸೆ. ಆಗುತ್ತದಾ? ಮತ್ತೆ ಪ್ರೆಸ್ ಅಣ್ಣ, ಕೆಮ್ಮಣ್ಣಿನ ಬಣ್ಣ ಪರದೆಯಲ್ಲಿ ಸರಿ ಬಂದರೂ ಅಚ್ಚಿನಲ್ಲಿ ಬೇರೆ ಥರ ಬರುತ್ತದೆ ಅಂತ ಕೇಳಿದೆ, ಅದಕ್ಕೇನು ಮಾಡಬೇಕು?

ತೀರ್ಥಹಳ್ಳಿ ಮೇಷ್ಟ್ರು

ಎಡಗೈಗೆ ಏನೂ ತೊಂದರೆ ಇಲ್ಲಮ್ಮ. ಟ್ಯಾಬ್ಲೆಟ್ಟನ್ನು ಪೂರ್ತಿ ತಿರುಗಿಸಿ ಇಟ್ಟು, ಡ್ರೈವರಿನಲ್ಲಿ 180 ಡಿಗ್ರಿ ಆರಿಸಿದರೆ ಬಟನ್‌ಗಳು ಬಲಗಡೆಗೆ ಬರುತ್ತವೆ, ಬರೆಯುವ ಕೈಗೆ ತಾಗುವುದಿಲ್ಲ. ಅಜ್ಜಿಗೆ ಪರದೆ ನೋಡಿ ಬರೆಯಿರಿ ಅನ್ನಬೇಡಿ. ಖಾಲಿ ಕಾಗದ ಅಂಟಿಸಿ ಕೊಡಿ, ಕಾಗದ ನೋಡಿಕೊಂಡೇ ಬರೆಯಲಿ. ಪೆನ್ನಿನಲ್ಲಿ ಶಾಯಿ ಇರುವುದಿಲ್ಲ, ಕಾಗದದ ಮೇಲೆ ಗುರುತು ಬೀಳುವುದಿಲ್ಲ, ಅದು ಅವರಿಗೆ ಕಷ್ಟ ಆಗಬಹುದು. ಮೊದಲೇ ತೆಳ್ಳಗೆ ಪೆನ್ಸಿಲ್ ಗೆರೆ ಹಾಕಿಕೊಂಡಿದ್ದರೆ ಅದರ ಮೇಲೆ ಹೋಗುತ್ತಾರೆ.

ಪ್ರೆಸ್ ಕೆಲಸ, ಶಿವಮೊಗ್ಗ

ಸೊರಬದ ಅಕ್ಕನ ಮಾತು ಒಪ್ಪಿದೆ, ಪ್ರೆಷರ್ ಇರಲಿ. ಬಣ್ಣದ ವಿಷಯ ಹೇಳುತ್ತೇನೆ. ಪರದೆ ಬಣ್ಣ ಮಾಡುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಪ್ರೆಸ್ ಮಾಡುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಯಿಂದ. ಅದಕ್ಕೇ ವ್ಯತ್ಯಾಸ. ಕ್ರಿಟಾದಲ್ಲಿ ಆ ನಾಲ್ಕು ಶಾಯಿಯ ಲೆಕ್ಕದಲ್ಲಿ, ಅಂದರೆ ಸಿಎಂವೈಕೆಯಲ್ಲಿ, ಕೆಲಸ ಮಾಡಬಹುದು, ಆದರೆ ನಿಮ್ಮ ಲ್ಯಾಪ್‌ಟಾಪ್ ಪರದೆ ನಂಬಿ ಬಣ್ಣ ನಿಶ್ಚಯ ಮಾಡಬೇಡಿ. ನಾಲ್ಕೈದು ಬೇರೆ ಬೇರೆ ಕೆಮ್ಮಣ್ಣು ಬಣ್ಣದ ಚೌಕ ಮಾಡಿ, ಪ್ರತಿಯೊಂದರ ಕೆಳಗೆ ಅದರ ಸಂಖ್ಯೆ ಬರೆದು, ಯಾವ ಕಾಗದದಲ್ಲಿ ಪತ್ರಿಕೆ ಬರುತ್ತದೋ ಅದೇ ಕಾಗದದಲ್ಲಿ ಒಂದು ಸ್ಯಾಂಪಲ್ ತೆಗೆಸಿ. ಮನೆಯ ಗೋಡೆ ಪಕ್ಕ ಹಿಡಿದು ಹಗಲು ಬೆಳಕಿನಲ್ಲಿ ಅಜ್ಜಿ ಯಾವುದು ಅನ್ನುತ್ತಾರೋ ಅದು.

ಇನ್ನೊಂದು. ಸಾಮಾನ್ಯ ಪ್ರೆಸ್ಸಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಸುತ್ತ ಕೆಂಪು ಅಚ್ಚಾಗಿ, ಎಳೆ ಇರುವ ಕಡೆ ಕಾಗದ ಖಾಲಿ ಉಳಿಯುತ್ತದೆ, ಅದೇ ಬಿಳಿ. ಕಾಗದ ಕೆನೆ ಬಣ್ಣದ್ದಾದರೆ ಎಳೆಯೂ ಕೆನೆ ಬಣ್ಣ. ಎಳೆ ತುಂಬಾ ಸಣ್ಣ ಇದ್ದರೆ ಅಕ್ಕಪಕ್ಕದ ಶಾಯಿ ಹರಡಿ ಮುಚ್ಚಿಹೋಗುತ್ತದೆ, ಅದಕ್ಕೆ ಅಚ್ಚಿನ ಗಾತ್ರದಲ್ಲಿ 1 ಪಾಯಿಂಟ್‌ಗಿಂತ (ಸುಮಾರು 0.35 ಮಿ.ಮೀ.) ಕಡಿಮೆ ಮಾಡಬೇಡಿ. ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಬಣ್ಣ, ಬಿಡಿ, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಪಟ್ಟಿ ಕಾಣುತ್ತದೆ. ಪ್ರೆಸ್ಸಿಗೆ ಪಿಡಿಎಫ್ ಮಾತ್ರ ಕೊಡಿ, ಲೇಯರ್ ಇರುವ ಮೂಲ ಫೈಲ್ ನಿಮ್ಮ ಹತ್ತಿರವೇ ಇರಲಿ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಬೇರೆ ಇಡಿ. ಮೊದಲ ಪಿಡಿಎಫ್ ಆದಾಗ ಇಲ್ಲೇ ಹೇಳಿ, ಅಚ್ಚಿಗೆ ಹೋಗುವ ಮುಂಚೆ ನಾನೊಮ್ಮೆ ನೋಡಿ ಕೊಡುತ್ತೇನೆ.